ಗಾಜಿನಲ್ಲಿ ಕೂಡಿದ ಹೆಸರು

ಚರ್ಚಿನ ಸ್ತ್ರೀ ಸಂಘದವರು ಅಂದು ಕೇಕ್ ಬೇಯಿಸುವ ಗಾಜಿನ ಪಾತ್ರೆಗಳ ಮೇಲೆ ತಂತಮ್ಮ ಹೆಸರು ಮೂಡಿಸಲು ಕೂತಿದ್ದರು. ಅಕ್ಷರದ ಅಚ್ಚು ಅಂಟಿಸಿ, ಮೇಲೆ ಗಾಜು ಕೊರೆಯುವ ಕ್ರೀಮು ಹಚ್ಚಿ ತೊಳೆದರೆ ಆಯಿತು. ಮತ್ತೆ ಅಳಿಸುವ ಮಾತೇ ಇಲ್ಲ.

ಸಾಲೋಮಿಯ ಪಕ್ಕಕ್ಕೆ ಬಂದು ಕೂತವಳು ಸುಗುಣಾ. ಸಾಲೋಮಿಯ ಗಂಡ ದಾನಿಯೇಲ ತೀರಿಹೋಗುವವರೆಗೂ, ಹತ್ತು ವರ್ಷ, ಗುಟ್ಟಾಗಿ ಹೋಗಿಬರುತ್ತಿದ್ದುದು ಇವಳ ಮನೆಗೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

"ಅಕ್ಕಾರ, ನನ್ನ ಕೈ ನಡಗತಾವ. ನನ್ನ ಹೆಸರು ನೀವ ಹಾಕಿಕೊಡ್ರಿ."

"ಕೊಡು. ಛಲೋತ್ನಂಗ ಹಾಕ್ತೀನಿ," ಎಂದಳು ಸಾಲೋಮಿ. ಇವತ್ತು ಎಲ್ಲರೆದುರು ಇವಳ ಮಾನ ಹರಾಜಾಗಲಿ ಎಂದು ಹಲ್ಲು ಕಚ್ಚಿ, ಸುಗುಣಾಳ ಹೆಸರಿನ ಪಕ್ಕದಲ್ಲಿ ತನ್ನ ಗಂಡನ ಹೆಸರನ್ನೂ ಅಂಟಿಸಿ, ಕಾಣದ ಹಾಗೆ ಕ್ರೀಮು ಮೆತ್ತಿದಳು.

ನಲ್ಲಿಯ ಕೆಳಗೆ ಕ್ರೀಮು ತೊಳೆದುಹೋಯಿತು. ಪಾಸ್ಟರಮ್ಮ ಪಾತ್ರೆಯನ್ನು ಎತ್ತಿ ಹಿಡಿದು ಗಟ್ಟಿಯಾಗಿ ಓದಿಬಿಟ್ಟರು: "ಸುಗುಣಾ ದಾನಿಯೇಲ."

ಎಲ್ಲರ ತಲೆಯೂ ಇತ್ತ ತಿರುಗಿತು. ಸಾಲೋಮಿ ಸುಗುಣಾಳ ಮುಖವನ್ನೇ ನೋಡುತ್ತ ಕಾದಳು.

ಸುಗುಣಾ ಪಾತ್ರೆಯನ್ನು ಇಸಿದುಕೊಂಡು ಎದೆಗವಚಿಕೊಂಡಳು. ಅವಳ ಕಣ್ಣು ತುಂಬಿ ಬಂದಿತ್ತು.

"ನಮ್ಮಿಬ್ಬರ ಹೆಸರು ಕೂಡಿಸಿ ಬರೆದವರು ಈ ಜಗತ್ತಿನ್ಯಾಗ ನೀವೊಬ್ಬರ, ಅಕ್ಕಾರ."