ಗೊತ್ತಿದ್ದೂ

ಕಂಪನಿಯ ವಕೀಲರು ನಲವತ್ತೆರಡು ಫೋಟೋಗಳನ್ನು ಇಸ್ಪೀಟು ಎಲೆಗಳಂತೆ ನ್ಯಾಯಾಧೀಶೆಯ ಮುಂದೆ ಹರಡಿದರು. ದೆಹಲಿ ಪಕ್ಕದ ಮಾನೇಸರಿನ ಈ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಶುರುವಾಗುವುದೇ ಸುರಕ್ಷತೆಯ ಪ್ರತಿಜ್ಞೆಯಿಂದ. ಮ್ಯಾನೇಜರ್ ಭಾಟಿಯಾ ಕೈ ಮುಂದೆ ಚಾಚಿ ಹೇಳಿಕೊಡುತ್ತಾರೆ, ಕೆಲಸಗಾರರು ಒಪ್ಪಿಸುತ್ತಾರೆ, ಆಮೇಲೆ ಫೋಟೋ ವಾಟ್ಸ್ಯಾಪ್ ಗುಂಪಿಗೆ ಹೋಗುತ್ತದೆ. ಒಂದು ದಿನವೂ ತಪ್ಪಿಲ್ಲ. ಇಂಥ ಕಡೆ ಪವನ್ ಎಂಬ ಮೆಕ್ಯಾನಿಕ್ ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಸತ್ತನೆಂದರೆ ಅದು ಅವನ ದುರದೃಷ್ಟ. ಯಂತ್ರದ ಸೆನ್ಸರ್ ಆ ದಿನವೇ ಕೆಟ್ಟಿತ್ತು, ಯಾರಿಗೂ ಗೊತ್ತಾಗಲಿಲ್ಲ. ಬೇಕಾದರೆ ಚೂರು ನಿರ್ಲಕ್ಷ್ಯ ಎನ್ನಿ, ಎಂದು ವಕೀಲರು ದೊಡ್ಡ ಮನಸ್ಸು ಮಾಡಿದರು.

ಹಿಂದಿನ ಬೆಂಚಿನಲ್ಲಿದ್ದ ಪವನನ ಹೆಂಡತಿ ಅಮೂಲ್ಯಳಿಗೆ ಆ ಮಾತು ಎಂಟು ತಿಂಗಳಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೆ ನಿರ್ಲಕ್ಷ್ಯ. ಆಳೊಬ್ಬನನ್ನು ಅಪ್ಪಚ್ಚಿ ಮಾಡಿದರೂ ಅದೇ ಹೆಸರೇ ಎಂದು ಅವಳು ಪೊಲೀಸರನ್ನು ಕೇಳಿದ್ದಳು. ಅವರು ಚಹಾ ಕುಡಿಸಿ ಕಳಿಸಿದ್ದರು.

ಅವಳ ವಕೀಲ ಇಂದುಶೇಖರ ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವನು. ಅವನ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಯ ಕಡೆ ತಿರುಗಿಬಿಡುತ್ತಿತ್ತು. ಆದರೆ ಈ ಒಂದು ಪಾಠವನ್ನು ಅವನು ಬಿಡಿಸಿ ಹೇಳಿದ್ದ. "ಕೊಲ್ಲಲೇಬೇಕು ಅಂತ ಮಾಡಿದರೆ ಕೊಲೆ, ಅಕ್ಕಾ. ಎಚ್ಚರ ತಪ್ಪಿ ಆದರೆ ನಿರ್ಲಕ್ಷ್ಯ. ನಡುವೆ ಇನ್ನೊಂದಿದೆ. ಕೊಲ್ಲೋ ಆಸೆ ಇಲ್ಲ, ಲೇಕಿನ್ ಹೀಗೆ ಮಾಡಿದರೆ ಸಾಯ್ತಾನೆ ಅಂತ ಗೊತ್ತು. ಗೊತ್ತಿದ್ದೂ ಮಾಡಿದರೆ ಅದು ನರಹತ್ಯೆ. ಗೊತ್ತಿತ್ತು ಅಂತ ತೋರಿಸೋದೇ ಕಷ್ಟ. ಅದು ಅವರ ತಲೆಯೊಳಗಿರುತ್ತೆ."

ಯಾವ ಆರೋಪವೆಂದು ತೀರ್ಮಾನವಾಗುವುದು ಇವತ್ತೇ. ಅವನ ಕೈಯಲ್ಲಿ ಏನೂ ಇರಲಿಲ್ಲ. ಕಂಪನಿಯವರು ಕೊಟ್ಟ ಫೋಟೋಗಳ ಪ್ರತಿಯನ್ನು ಸುಮ್ಮನೆ ಅವಳ ಮಡಿಲಿಗೆ ದಾಟಿಸಿದ.

ಪ್ರತಿಯೊಂದರಲ್ಲೂ ಅವಳು ಮೊದಲು ಹುಡುಕಿದ್ದು ಪವನನನ್ನೇ. ಅವನು ಪ್ರೆಸ್ ಯಂತ್ರಕ್ಕೆ ಬೆನ್ನು ಕೊಟ್ಟು, ನಗು ತಡೆದುಕೊಂಡು, ಕೈ ಚಾಚಿ ನಿಂತಿದ್ದ. ಆಮೇಲೆ ಅವಳ ಕಣ್ಣು ಅವನ ಹೆಗಲ ಮೇಲಿಂದ ಯಂತ್ರಕ್ಕೆ ಹೋಯಿತು. ಹೋದ ವರ್ಷ ಮನೆಯವರನ್ನೆಲ್ಲ ಕಾರ್ಖಾನೆಗೆ ಕರೆದ ದಿನ ಪವನ್ ಮಗಳಿಗೆ ಅದನ್ನು ತೋರಿಸಿದ್ದ: ಹಸಿರು ದೀಪ ಉರಿಯುತ್ತಿದ್ದರೆ ಯಂತ್ರಕ್ಕೆ ಕಣ್ಣಿದೆ ಪುಟ್ಟಾ, ಕೈ ಹೋದರೆ ತಾನೇ ನಿಲ್ಲುತ್ತೆ, ಸೆನ್ಸರ್ ಆರಿಸಿದರೆ ದೀಪವೂ ಆರುತ್ತೆ, ಯಂತ್ರ ಕುರುಡು, ಕೆಲಸ ಮಾತ್ರ ಬಲು ಬೇಗ. ಅಮೂಲ್ಯ ಒಂದೊಂದೇ ಫೋಟೋ ತಿರುವಿದಳು. ದೀಪ ಆರಿತ್ತು. ಮರುದಿನವೂ ಆರಿತ್ತು. ತಿಂಗಳ ಹಿಂದೆಯೂ ಆರಿತ್ತು. ಒಂದೇ ಒಂದರಲ್ಲಿ ಉರಿಯುತ್ತಿತ್ತು. ಅದರಲ್ಲಿ ಹೊರಗಿನಿಂದ ಆಡಿಟ್‌ಗೆ ಬಂದ ಟೈ ಕಟ್ಟಿದ ಅತಿಥಿಗಳಿದ್ದರು.

"ಇಂದು," ಎಂದಳು ಮೆಲ್ಲಗೆ, "ದೀಪ ನೋಡು. ಆಮೇಲೆ ಭಾಟಿಯಾ ಎಲ್ಲಿ ನಿಂತಿದಾನೆ ನೋಡು."

ಇಂದುಶೇಖರ ನೋಡಿದ. "ಅಚ್ಛಾ," ಎಂದು ಉಸಿರು ಬಿಟ್ಟು, ಕೋಟಿನ ಗುಂಡಿ ಹಾಕಿಕೊಂಡು ಎದ್ದ.

ಅವನು ಭಾಷಣ ಮಾಡಲಿಲ್ಲ. ಎರಡು ಫೋಟೋ ಮಾತ್ರ ಮುಂದಿಟ್ಟು, ಉಳಿದ ನಲವತ್ತೂ ಇದರಂತೆಯೇ ಎಂದು ಎರಡನೆಯದನ್ನು ತೋರಿಸಿದ. ಮೊದಲನೆಯದರಲ್ಲಿ ದೀಪ ಉರಿಯುತ್ತಿತ್ತು, ಭಾಟಿಯಾ ಸಾಕಿದ ಎಮ್ಮೆಯ ಬೆನ್ನಿನ ಮೇಲೆಂಬಂತೆ ಯಂತ್ರದ ಮೇಲೆ ಕೈಯೂರಿದ್ದರು. ಇನ್ನೊಂದರಲ್ಲಿ ದೀಪ ಆರಿತ್ತು. ಕೆಲಸಗಾರರು ಯಂತ್ರದ ಮಗ್ಗುಲಲ್ಲೇ ಸಾಲಾಗಿದ್ದರು; ಭಾಟಿಯಾ ಮಾತ್ರ ಹತ್ತಡಿ ದೂರ, ನೆಲದ ಹಳದಿ ಗೆರೆಯ ಆಚೆ.

ನ್ಯಾಯಾಧೀಶೆ ಕನ್ನಡಕ ಹಾಕಿಕೊಂಡು ಮಿಕ್ಕ ಫೋಟೋಗಳನ್ನೂ ತಾವೇ ಜೋಡಿಸಿ ನೋಡಿದರು. ತಲೆಯೆತ್ತಿ, ಇಷ್ಟು ದೂರ ಯಾಕೆ ನಿಂತಿರಿ ಎಂದು ಆರೋಪಿಯ ಕಟಕಟೆಯಲ್ಲಿದ್ದ ಭಾಟಿಯಾರನ್ನೇ ಕೇಳಿದರು. ಕಂಪನಿಯ ವಕೀಲರು ಗಡಬಡಿಸಿ ಏಳಹೋದರು. ಆದರೆ ಆಡಿಟ್‌ನವರಿಗೆ ಉತ್ತರ ಒಪ್ಪಿಸಿ ಒಪ್ಪಿಸಿ ಭಾಟಿಯಾರ ನಾಲಗೆ ಪಳಗಿತ್ತು.

"ದೀಪ ಆರಿದ್ದಾಗ ಗೆರೆ ದಾಟಬಾರದು ಮ್ಯಾಡಂ. ಸೇಫ್ಟಿ ರೂಲ್."

"ಹಾಗಾದರೆ ಗೆರೆಯ ಒಳಗೆ ನಿಂತವರು?"

ವಕೀಲರು ಅರ್ಧ ಬಗ್ಗಿದಂತೆಯೇ ಉಳಿದರು, ಕೂರಲೂ ಇಲ್ಲ, ಏಳಲೂ ಇಲ್ಲ. ನ್ಯಾಯಾಧೀಶೆ ಬೆರಳಚ್ಚುಗಾರನ ಕಡೆ ತಿರುಗಿ ಆದೇಶ ಹೇಳತೊಡಗಿದರು: ಇದು ತಮ್ಮ ಕೋರ್ಟಿನಲ್ಲಿ ಮುಗಿಯುವ ನಿರ್ಲಕ್ಷ್ಯದ ಕೇಸಲ್ಲ, ನರಹತ್ಯೆಯ ಆರೋಪದಡಿ ಸೆಷನ್ಸ್ ಕೋರ್ಟಿಗೆ ಹೋಗಲಿ.

ವಿಚಾರಣೆ ಇನ್ನು ಶುರು, ವರ್ಷಗಟ್ಟಲೆ ಹಿಡಿಯುತ್ತೆ ಎಂದು ಇಂದುಶೇಖರ ಎಚ್ಚರಿಸಿದ. ಅವನ ಮುಖವೇನೋ ಹಬ್ಬದಂತಿತ್ತು.

"ಹಿಡೀಲಿ ಬಿಡು. ಹೆಸರು ಸರಿಯಾಯ್ತಲ್ಲ," ಎಂದಳು ಅಮೂಲ್ಯ.

ಗುಮಾಸ್ತ ಕಡತದ ರಟ್ಟಿನ ಮೇಲಿದ್ದ ಹಳೆಯ ಆರೋಪವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ಹಿಂದಿಯಲ್ಲಿ ಬರೆದ. ಅವಳು ಮೇಜಿಗೆ ಕೈಯೂರಿ ಅಕ್ಷರ ಕೂಡಿಸಿ ಓದಿದಳು. ಮೊದಲೆರಡು ಪದ ಅವಳಿಗೆ ಹತ್ತಲಿಲ್ಲ. ಕೊನೆಯದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ: ಹತ್ಯಾ.

"ಭಯ್ಯಾ, ಅದೊಂದನ್ನ ಇನ್ನೊಮ್ಮೆ ತಿದ್ದಿ. ದಪ್ಪಗೆ ಕಾಣಲಿ."

ಗುಮಾಸ್ತ ಅವಳ ಮುಖ ನೋಡಿದ. ಪೆನ್ನು ಕೊಡವಿ, ಅಕ್ಷರಗಳ ಮೇಲೆ ನಿಧಾನವಾಗಿ ಮತ್ತೊಮ್ಮೆ ಎಳೆದ. ಶಾಯಿ ರಟ್ಟನ್ನು ದಾಟಿ ಒಳಗಿನ ಹಾಳೆಗೂ ಇಳಿಯಿತು.