ತಮ್ಮನ ಜನನ ಪತ್ರ

ಮೈದಾನಕ್ಕೆ ತಲುಪಿಸಬೇಕಿದ್ದ ತಮ್ಮನ ಜನನ ಪತ್ರವನ್ನು ನಾನು ತಲುಪಿಸಲಿಲ್ಲ. ಪ್ರವಾಸಿಗರು ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಗೋವಾದ ಕಾಣಕೋಣದ ಬೀಚಿನಲ್ಲಿ ನಾವು ಮಣಿಸರ, ಗೆಜ್ಜೆಗಳ ಗಂಟು ಹೊತ್ತು ಮಾರುತ್ತಿದ್ದೆವು. ಅಂದು ತಮ್ಮನ ಶಾಲೆಯ ಫುಟ್‌ಬಾಲ್ ತಂಡಕ್ಕೆ ಕೊನೆಯ ಅರ್ಹತಾ ಪಂದ್ಯವಿತ್ತು. ಗೆದ್ದವರು ಗೋವಾದ ಪರವಾಗಿ ರಾಷ್ಟ್ರೀಯ ನಾಕೌಟ್ ಕಪ್ ಆಡಲು ದಿಲ್ಲಿಗೆ ಹೋಗುತ್ತಿದ್ದರು. ವಯಸ್ಸಿನ ಅಸಲಿ ಕಾಗದ ತೋರಿಸದವರನ್ನು ಆಡಿಸುತ್ತಿರಲಿಲ್ಲ. ತಮ್ಮ ನಕಲು ಮಾತ್ರ ಒಯ್ದಿದ್ದ.

ಅವ್ವ ಅಸಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಳು. "ಲಗೂನ ಹೋಗವ್ವಾ. ಅವ ದಿಲ್ಲಿ ನೋಡ್ಕೊಂಡ್ ಬರ್ಲಿ. ಅಲ್ಲೀತನಕ ಅವನ ಗಂಟೂ ನೀನ ಹೊರು," ಎಂದಳು.

ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಗಂಟು ಹೊತ್ತವಳು ನಾನು.

ಬಸ್ ಸ್ಟಾಪಿನ ಹತ್ತಿರ ವಿದೇಶಿ ಹೆಂಗಸೊಬ್ಬಳು ಗೆಜ್ಜೆ ಕೇಳಿದಳು. ಕ್ರೀಮಿನಿಂದ ಜಾರುತ್ತಿದ್ದ ಅವಳ ಕಾಲಿಗೆ ಒಂದೊಂದೇ ಗೆಜ್ಜೆ ಕಟ್ಟಿದೆ, ಬಿಚ್ಚಿದೆ. ಬಸ್ಸು ಬಂದದ್ದೂ ಹೋದದ್ದೂ ಕಂಡಿತು. ನಾನು ಏಳಲಿಲ್ಲ. ಅವಳು ಏನೂ ಕೊಳ್ಳದೆ ಎದ್ದು ಹೋದಳು.

ಸಂಜೆ ತಮ್ಮ ಬಂದ. ಅವನಿಲ್ಲದೆ ಆಡಿದ ತಂಡ ಸೋತಿತ್ತು.

"ಬಸ್ ತಪ್ತು," ಎಂದೆ.

"ಇರ್ಲಿ ಬಿಡಕ್ಕಾ. ಕಾಗದ ಮರ್ತವ ನಾನ ಅಲ್ಲೇನು," ಎಂದ. ರೊಟ್ಟಿ ತಿಂದು, ಗೋಡೆಗೆ ಮುಖ ಮಾಡಿ ಮಲಗಿದ. ಮರುದಿನ ತನ್ನ ಗಂಟು ತಾನೇ ಹೊತ್ತುಕೊಂಡು ಬೀಚಿಗೆ ಬಂದ.

ಇಷ್ಟು ವರ್ಷಗಳ ನಂತರ, ಹೋದ ವಾರ, ಅವನ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಬಾಯಿ ಬಿಟ್ಟು ಹೇಳಿದೆ.

"ಅವತ್ತ ಬಸ್ ತಪ್ಪಿದ್ದಿಲ್ಲೋ ತಮ್ಮಾ. ನಾನ ಹತ್ಲಿಲ್ಲ. ತಪ್ಪಾತು, ಕ್ಷಮಾ ಮಾಡು."