ಮೂವತ್ತೈದು ದಾಟದ ರೋಗಿ

"ಈ ಕೇಸು ನೀನೇ ನೋಡಿದ್ದೇನಮ್ಮಾ?" ಎಂದು ಡಾಕ್ಟರ್ ಬಾಲಚಂದ್ರ ಕನ್ನಡದಲ್ಲೇ ಕೇಳಿದಾಗ ವಿಂಧ್ಯಾ ಹೂಂ ಎಂದುಬಿಟ್ಟಳು. ಗುಜರಾತಿನ ಆ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದಲ್ಲಿ ಅವಳ ಎರಡು ವಾರದ ಪೋಸ್ಟಿಂಗ್ ಅಂದಿಗೆ ಮುಗಿಯುತ್ತಿತ್ತು. ನೋಡಿದ ರೋಗಿಗಳ ವಿವರ ಬರೆದಿಡುವ ಲಾಗ್‌ಬುಕ್ಕಿಗೆ ಅವರ ಸಹಿ ಬಿದ್ದರೆ ಸಾಕಿತ್ತು. ಸೀನಿಯರುಗಳ ಪುಸ್ತಕ ನೋಡಿ ಬರೆಯುವುದು ಕಾಲೇಜಿನ ವಾಡಿಕೆ. ಅವಳೂ ಬರೆದಿದ್ದಳು: ವಯಸ್ಸು ಮೂವತ್ತೈದು, ನರೋಡಾದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ, ಯಂತ್ರವೇ ಹೆಸರು ಹಿಡಿದು ಬಯ್ಯುತ್ತದೆಂಬ ದೂರು.

ಡಾಕ್ಟರು ಬಾಗಿಲ ಕಡೆ ತಿರುಗಿ, "ಜಯಂತಿಭಾಯ್, ಬನ್ನಿ," ಎಂದರು. ತಲೆ ಅರ್ಧ ನರೆತವರೊಬ್ಬರು ಮಾತ್ರೆಯ ಚೀಟಿ ಹಿಡಿದು ಒಳಬಂದರು. ಡಾಕ್ಟರು ವಿಂಧ್ಯಾಗೆ ಹೇಳಿದರು: "ಇವರೇ ನಿನ್ನ ರೋಗಿ. ಒಂಬತ್ತು ವರ್ಷದಿಂದ ಪ್ರತಿ ಬ್ಯಾಚಿನವರೂ ಇವರನ್ನೇ ಬರೀತಾರೆ. ಯಾರೂ ಇವರಿಗೆ ವಯಸ್ಸಾಗೋಕೇ ಬಿಟ್ಟಿಲ್ಲ ನೋಡು."

ವಿಂಧ್ಯಾ ತೆರೆದ ಪುಟಕ್ಕೆ ಕೈ ಅಡ್ಡ ಇಟ್ಟಳು. ಜಯಂತಿಭಾಯ್ ಮೇಜಿನ ಮೇಲಿದ್ದ ಪುಸ್ತಕದತ್ತ ಬಗ್ಗಿ, ಗುಜರಾತಿಯಲ್ಲಿ, "ನನ್ನ ವಿಷಯಾನಾ ತಂಗೀ? ಈಗ ಅದೇ ಕಾರ್ಖಾನೆಗೆ ನಾನು ಫೋರ್ಮನ್. ಅದನ್ನೂ ಬರೆದಿದೀಯಾ?" ಎಂದು ನಗುತ್ತ ಕೇಳಿದರು.

ಹೊರಗೆ ನವರಂಗಪುರದ ಪೇಟೆ ಸುತ್ತಲು ಹೊರಟ ಆಟೋದಿಂದ ಗೆಳತಿಯರು ಅವಳನ್ನು ಕೂಗುತ್ತಿದ್ದರು. ನೀವು ಹೋಗಿ ಎಂದು ವಿಂಧ್ಯಾ ಕಿಟಕಿಯಿಂದಲೇ ಕೈಬೀಸಿದಳು. ಸಹಿಗೆಂದು ಇಟ್ಟಿದ್ದ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಮೂವತ್ತೈದನ್ನು ಹೊಡೆದುಹಾಕಿ, ಜಯಂತಿಭಾಯ್‌ಗೆ ಕುರ್ಚಿ ಸರಿಸಿದಳು.

"ಈಗ ನಿಮ್ಮ ವಯಸ್ಸೆಷ್ಟು, ಕಾಕಾ?"